ಗೆಲ್ಲಿಸುವವನ ಏಕಾಂತ

ಆಟಗಾರನ ಸೋಲುಗೆಲುವನ್ನು ವರ್ಣಿಸುವ ಕೃತಿಗಳಿಗೆ ಬರವಿಲ್ಲ. ಅವನನ್ನು ಅಣಿಗೊಳಿಸುವ ತರಬೇತುದಾರನ ಅಂತರಂಗವನ್ನು ಹೊಕ್ಕು ನೋಡಿದ ಲೇಖಕರು ವಿರಳ. ಇಂಗ್ಲೆಂಡಿನ ಡೇವಿಡ್ ಪೀಸ್ ಅವರ ಕಾದಂಬರಿ ‘ದಿ ಡ್ಯಾಮ್ಡ್ ಯುನೈಟೆಡ್’ (2006) ಅಂತಹ ಒಂದು ಪ್ರಯತ್ನ. 1974ರಲ್ಲಿ ಲೀಡ್ಸ್ ಯುನೈಟೆಡ್ ಫುಟ್‌ಬಾಲ್ ತಂಡದ ಹೊಣೆ ಹೊತ್ತು, 44 ದಿನಗಳಲ್ಲೇ ಪದಚ್ಯುತರಾದ ಬ್ರಯಾನ್ ಕ್ಲಫ್ ಇದರ ಕಥಾನಾಯಕ.

ಹಗಲಿನ ಬಿಂಕ, ಇರುಳಿನ ಭೀತಿ, ಕುಡಿತ, ಹಿಂದಿನ ಮ್ಯಾನೇಜರ್ ಡಾನ್ ರೆವಿಯವರ ನೆರಳು—ಇವೆಲ್ಲ ಜಪದಂತೆ ಮರುಕಳಿಸುವ ಮೊಟಕು ವಾಕ್ಯಗಳಲ್ಲಿ ಓದುಗನನ್ನೂ ಕಾಡುತ್ತವೆ. ಲೀಡ್ಸಿನ ದಿನಗಳಲ್ಲಿ ನಾಯಕ ‘ನಾನು’ ಎನ್ನುತ್ತಾನೆ. ಗತಜೀವನವನ್ನು ನೆನೆವಾಗ ತನ್ನನ್ನೇ ‘ನೀನು’ ಎಂದು ಕರೆಯುತ್ತಾನೆ. ಮಾತಾಡಲು ಬೇರೆ ಯಾರೂ ಇಲ್ಲದವನ ರೀತಿಯಿದು. ಕೃತಿಯ ಶಕ್ತಿಯಿರುವುದು ಇಲ್ಲಿಯೇ.

ಆದರೆ ಈ ಸಂಕಟವನ್ನು ಪ್ರತಿಭೆಯ ಶಾಪವೆಂಬಂತೆ ಚಿತ್ರಿಸಿರುವುದನ್ನು ಒಪ್ಪುವುದು ಕಷ್ಟ. 2004ರಲ್ಲಿ ತೀರಿಕೊಂಡ ಕ್ಲಫ್ ಅವರ ಕುಟುಂಬದವರೂ ಈ ಚಿತ್ರವನ್ನು ಒಪ್ಪಲಿಲ್ಲ. ಚರಿತ್ರೆಯೂ ಬೇರೆ ಮಾತನ್ನು ಹೇಳುತ್ತದೆ. 1972ರಲ್ಲಿ ಡರ್ಬಿ ಕೌಂಟಿ ಲೀಗ್ ಗೆದ್ದಾಗ ಕ್ಲಫ್ ಜೊತೆಗೆ ಸಹಾಯಕ ಪೀಟರ್ ಟೇಲರ್ ಇದ್ದರು. ಲೀಡ್ಸಿಗೆ ಅವರು ಬರಲಿಲ್ಲ. 1976ರಲ್ಲಿ ನಾಟಿಂಗ್‌ಹ್ಯಾಮ್ ಫಾರೆಸ್ಟ್ ತಂಡದಲ್ಲಿ ಇಬ್ಬರೂ ಮತ್ತೆ ಕೂಡಿದರು. 1979 ಮತ್ತು 1980ರಲ್ಲಿ ಆ ತಂಡ ಯೂರೋಪಿಯನ್ ಕಪ್ ಗೆದ್ದಿತು. ಲೀಡ್ಸಿನಲ್ಲಿ ಪ್ರತಿಭೆಗೆ ಕೊರತೆಯಿರಲಿಲ್ಲ. ಭಾರ ಹಂಚಿಕೊಳ್ಳುವ ಜೊತೆಗಾರನಿರಲಿಲ್ಲ. ಈ ಗೆಳೆತನವನ್ನೇ ಕೇಂದ್ರದಲ್ಲಿಟ್ಟ 2009ರ ಚಲನಚಿತ್ರ ಹೆಚ್ಚು ವಿವೇಕ ತೋರಿದೆ.

ಆಟಗಾರರ ಮನೋಬಲದ ಬಗ್ಗೆ ಇಂದು ಮಾತು ಧಾರಾಳ. ಆ ಬಲವನ್ನು ತುಂಬಬೇಕಾದವನಿಗೂ ನಿದ್ದೆಗೆಡುವ ರಾತ್ರಿಗಳಿವೆಯೆಂದು ನೆನಪಿಸುವುದರಿಂದ, ದೋಷಗಳಿದ್ದರೂ, ಫುಟ್‌ಬಾಲ್ ಅರಿಯದವರೂ ಓದಬೇಕಾದ ಕಾದಂಬರಿಯಿದು.