ಮನೆ ಕಟ್ಟುವವರ ಮುಯ್ಯಿ ಮಾತು

ತುಮಕೂರಿನ ಯಾವುದೇ ಹೊಸ ಬಡಾವಣೆಯಲ್ಲಿ ಪಾಯ ತೋಡಲು ಜೆಸಿಬಿ ಬಂದು ನಿಂತರೆ ಸಾಕು, ಆ ದಾರಿಯಲ್ಲಿ ಹೋಗುವ ಸ್ಕೂಟರುಗಳಲ್ಲಿ ಒಂದಾದರೂ ನಿಲ್ಲುತ್ತದೆ. "ಯಾರ್ ಸಾರ್ ಮೇಸ್ತ್ರಿ? ಚದರಕ್ಕೆ ಎಷ್ಟಕ್ಕೆ ಕೊಟ್ರಿ?" ಗುರುತು ಪರಿಚಯ ಏನೂ ಬೇಕಿಲ್ಲ. ಲೇಬರ್ ಕಾಂಟ್ರಾಕ್ಟೋ ಮೆಟೀರಿಯಲ್ ಸಮೇತವೋ, ಎಂ-ಸ್ಯಾಂಡ್ ಯಾವ ಕ್ರಷರಿನದು, ಸೈಜುಗಲ್ಲು ಲೋಡಿಗೆ ಎಷ್ಟು, ಬೋರು ಎಷ್ಟು ಅಡಿಗೆ ನೀರು ಕೊಟ್ಟಿತು ಎಂದು ಮಾತು ಬೆಳೆಯುತ್ತದೆ. ಹೀಗೆ ನಿಂತವರು ಹೋದ ವರ್ಷ ಮನೆ ಕಟ್ಟಿ ಮುಗಿಸಿದವರಾಗಿರುತ್ತಾರೆ, ಇಲ್ಲವೇ ಬರುವ ವರ್ಷ ಕಟ್ಟಬೇಕೆಂದು ಲೆಕ್ಕ ಹಾಕುತ್ತಿರುವವರು. ಒಬ್ಬರಿಗೆ ಹೇಳುವ ಚಪಲ, ಇನ್ನೊಬ್ಬರಿಗೆ ಕೇಳುವ ಗರಜು. ಈ ಎರಡರ ಮೇಲೆ ಬಟವಾಡಿಯಿಂದ ಶೆಟ್ಟಿಹಳ್ಳಿಯವರೆಗೆ, ಗುಬ್ಬಿಯಿಂದ ಕುಣಿಗಲ್‌ವರೆಗೆ ಆಫೀಸಿಲ್ಲದ, ಫೀಸಿಲ್ಲದ ಒಂದು ಸಂಸ್ಥೆ ನಡೆದುಕೊಂಡು ಬಂದಿದೆ. ಗುಬ್ಬಿ ಕಂಪನಿಯ ನಾಟಕಗಳ ಬಗ್ಗೆ ಬೇಕಾದಷ್ಟು ವಿಮರ್ಶೆ ಬಂದಿದೆ. ಗುಬ್ಬಿಯಲ್ಲಿ ಮನೆಗಳು ಯಾರ ಮಾತು ಕೇಳಿ ಹೇಗೆ ಎದ್ದವೆಂದು ಬರೆದವರು ಕಡಿಮೆ. ಈ ಸಂಸ್ಥೆಯನ್ನೂ ಒಮ್ಮೆ ಒರೆಗೆ ಹಚ್ಚಬೇಕು.

ದರದ ವಿಷಯದಲ್ಲಿ ಇದಕ್ಕೆ ಸಾಟಿ ಇಲ್ಲ. ಬೆಂಗಳೂರಿಗೆ ಹೋಗುವ ಬೆಳಗಿನ ರೈಲಿನಲ್ಲಿ ಕುಳಿತರೆ ಅರ್ಧ ಬೋಗಿ ಸಾಲದ ಕಂತಿನ ಮಾತಾಡುತ್ತಿರುತ್ತದೆ, ಉಳಿದರ್ಧ ಕಂಬಿಯ ರೇಟು. ಯಾವ ಮೇಸ್ತ್ರಿ ಅಡ್ವಾನ್ಸ್ ತಗೊಂಡು ಇನ್ನೊಂದು ಸೈಟಿಗೆ ಹಾರುತ್ತಾನೆ, ಯಾವ ಟೈಲ್ಸ್ ಅಂಗಡಿಯಲ್ಲಿ ಉಳಿದ ಪೆಟ್ಟಿಗೆ ವಾಪಸ್ ತಗೊಳ್ಳುತ್ತಾರೆ ಎಂಬುದೆಲ್ಲ ಹಿರೇಹಳ್ಳಿ ದಾಟುವಷ್ಟರಲ್ಲಿ ತಿಳಿದುಬಿಡುತ್ತದೆ. ದುಡ್ಡು ತೆಗೆದುಕೊಂಡು ನಕ್ಷೆ ಬರೆದುಕೊಡುವ ಎಂಜಿನಿಯರು ಇದನ್ನೆಲ್ಲ ಹೇಳುವುದಿಲ್ಲ. ಅವರಿಗೂ ಆ ಅಂಗಡಿಗಳ ಜೊತೆ ನಾಳೆ ಕೆಲಸವಿರುತ್ತದೆ.

ಮಾತಿಗಿಂತ ದೊಡ್ಡದು ನೀರಿನ ನೆರವು. ಹೊಸ ಸೈಟಿನಲ್ಲಿ ಬೋರಿಲ್ಲ, ನಲ್ಲಿ ಇನ್ನೂ ಬಂದಿಲ್ಲ. ಗೋಡೆ ಎದ್ದ ಮೇಲೆ, ಮೋಲ್ಡ್ ಹಾಕಿದ ಮೇಲೆ ನೀರುಣಿಸಲೇಬೇಕು. ಕಾಂಕ್ರೀಟಿಗೆ ಸಂಬಂಧಿಸಿದ ಭಾರತೀಯ ಮಾನಕ, ಐಎಸ್ 456, ಸಾದಾ ಸಿಮೆಂಟಿಗೆ ಕನಿಷ್ಠ 7 ದಿನ, ಪಿಪಿಸಿಯಂಥ ಮಿಶ್ರ ಸಿಮೆಂಟಿಗೆ ಕನಿಷ್ಠ 10 ದಿನ ಹಸಿಯಾಗಿ ಇಡಬೇಕೆನ್ನುತ್ತದೆ. ಮನೆ ಕಟ್ಟಿಸುವವನು ಏಳು ಗಂಟೆಗೇ ರೈಲು ಹತ್ತಿರುತ್ತಾನೆ. ಹತ್ತು ಗಂಟೆಯ ಬಿಸಿಲಿಗೆ ಪೈಪು ಹಿಡಿದು ನಿಲ್ಲುವವರು ಪಕ್ಕದ ಮನೆಯ ಅಮ್ಮ. ಅವರ ಸಂಪಿನ ನೀರು, ಅವರ ಮೋಟರು, ಅವರ ಕರೆಂಟು. ಮೋಲ್ಡಿನ ಮೇಲೆ ಗಾರೆಯ ಸಣ್ಣ ಕಟ್ಟೆ ಕಟ್ಟಿ ನಿಲ್ಲಿಸಿದ ನೀರು ಒಣಗಿತೇ ಎಂದು ಮಧ್ಯಾಹ್ನ ಇನ್ನೊಮ್ಮೆ ಹತ್ತಿ ನೋಡುವವರೂ ಅವರೇ. ಇದಕ್ಕೆ ಪ್ರತಿಯಾಗಿ ಗೃಹಪ್ರವೇಶಕ್ಕೆ ಒಂದು ಸೀರೆ ಸಿಕ್ಕರೆ ಹೆಚ್ಚು. ಈ ಪದ್ಧತಿಯ ಪರವಾಗಿ ನಾನು ಒಂದೇ ಸಾಕ್ಷಿ ಹೇಳಬೇಕೆಂದರೆ ಆ ಪೈಪನ್ನೇ ತೋರಿಸುತ್ತೇನೆ.

ನಮ್ಮ ಕಡೆ ಹೊಲದ ಕೆಲಸಕ್ಕೆ ಮುಯ್ಯಾಳು ಹೋಗುವುದಿತ್ತು. ಇವತ್ತು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮದಕ್ಕೆ ನೀವು. ಮನೆಗೆ ತೊಲೆ ಎತ್ತುವಾಗ, ಹೆಂಚು ಹೊದಿಸುವಾಗಲೂ ಊರು ಕೈಜೋಡಿಸುತ್ತಿತ್ತು. ಮಿಕ್ಸರ್ ಯಂತ್ರ, ಲಿಫ್ಟು, ಸೆಂಟ್ರಿಂಗ್ ಗ್ಯಾಂಗು ಬಂದ ಮೇಲೆ ಮೈಗೆಲಸದ ಮುಯ್ಯಿ ಹೋಯಿತು, ಮಾತಿನ ಮುಯ್ಯಿ ಉಳಿಯಿತು. ಅದರ ಬಲ ಇರುವುದು ಇಲ್ಲೇ, ಕೊರತೆಯೂ ಇಲ್ಲೇ. ಮದುವೆಮನೆಯ ಮುಯ್ಯಿ ಕವರಿನಲ್ಲಿ ಯಾರೂ ಹರಿದ ನೋಟು ಇಡುವುದಿಲ್ಲವಲ್ಲ, ಹಾಗೆ ಮನೆ ಕಟ್ಟಿದವರು ತಮ್ಮ ಎಡವಟ್ಟನ್ನು ಇನ್ನೊಬ್ಬರಿಗೆ ಕೊಡುವುದಿಲ್ಲ. ಚೌಕಾಸಿ ಮಾಡಿ ಉಳಿಸಿದ್ದನ್ನು ಹೇಳುತ್ತಾರೆ. ಬಚ್ಚಲಿನ ಗೋಡೆ ತೇವ ಹೀರುವುದನ್ನು ಹೇಳುವುದಿಲ್ಲ; ಹೊಸದಾಗಿ ಬಣ್ಣ ಹೊಡೆಸಿ ಸುಮ್ಮನಾಗುತ್ತಾರೆ. ಹೀಗಾಗಿ ನಮ್ಮಲ್ಲಿ ಓಡಾಡುವ ಸಲಹೆಯೆಲ್ಲ ಗೆದ್ದವರ ಸಲಹೆ. ಕಣ್ಣಿಗೆ ಕಾಣುವುದರ ಬಗ್ಗೆ ವಿಪರೀತ ಮಾತು, ಮಣ್ಣೊಳಗೆ ಕಾಂಕ್ರೀಟಿನೊಳಗೆ ಮುಚ್ಚಿಹೋಗುವುದರ ಬಗ್ಗೆ ತುಟಿ ಪಿಟಕ್ಕೆನ್ನುವವರಿಲ್ಲ.

ಮೋಲ್ಡ್ ಹಾಕುವ ದಿನ ಹೋಗಿ ನಿಂತು ನೋಡಿ. ಪೂಜೆ ಆಗಿದೆ, ಕಾಯಿ ಒಡೆದಿದ್ದಾರೆ, ನಾಲ್ಕಾರು ಹಿತೈಷಿಗಳು ಕುರ್ಚಿ ಹಾಕಿಕೊಂಡು ಕುಳಿತಿದ್ದಾರೆ. ಅವರು ಎಣಿಸುವುದು ಮೂಟೆ. "ಇಲ್ಲೀಗಂಟ ಎಷ್ಟ್ ಮೂಟೆ ಹೋಯ್ತು?" ಎಂಬ ಪ್ರಶ್ನೆ ಗಂಟೆಗೊಮ್ಮೆ ಬರುತ್ತದೆ. ಮಿಕ್ಸರಿನ ಬಾಯಿಗೆ ಮರಳು, ಜಲ್ಲಿ, ಸಿಮೆಂಟು ಸುರಿದ ಮೇಲೆ ಒಬ್ಬ ಹುಡುಗ ಡ್ರಮ್ಮಿನಿಂದ ನೀರು ಮೊಗೆದು ಹಾಕುತ್ತಾನೆ. ಆ ಬಕೆಟ್ಟನ್ನು ಎಣಿಸುವವರಿಲ್ಲ. 50 ಕೆಜಿಯ ಒಂದು ಮೂಟೆಗೆ 25ರಿಂದ 27 ಲೀಟರು ನೀರು ದಾಟಬಾರದು. ಹಿಂದಿನ ರಾತ್ರಿ ಮಳೆ ಬಂದು ಎಂ-ಸ್ಯಾಂಡ್ ನೆನೆದಿದ್ದರೆ ಅದರಲ್ಲಿರುವ ನೀರನ್ನೂ ಕಳೆಯಬೇಕು. ಆದರೆ ನೀರು ಹೆಚ್ಚಾದಷ್ಟೂ ಕಾಂಕ್ರೀಟು ಸಲೀಸಾಗಿ ಹರಿಯುತ್ತದೆ, ಬಾಂಡ್ಲಿ ಬೇಗ ಖಾಲಿಯಾಗುತ್ತದೆ. ಗ್ಯಾಂಗಿಗೆ ಕೂಲಿ ಚದರದ ಲೆಕ್ಕ. ಬೇಗ ಮುಗಿದರೆ ಬೇಗ ಮನೆಗೆ. ಹುಡುಗನನ್ನು ಬೈದು ಫಲವಿಲ್ಲ, ಒಪ್ಪಂದವೇ ಹಾಗಿದೆ. ಕುರ್ಚಿಯಲ್ಲಿ ಕುಳಿತ ಯಾರಾದರೊಬ್ಬರು ಒಂದು ಬಕೆಟ್ಟಿಗೆ ಗೆರೆ ಎಳೆದು ಕೊಟ್ಟು ಪಕ್ಕದಲ್ಲಿ ನಿಂತಿದ್ದರೆ ಹತ್ತು ಮೂಟೆ ಹೆಚ್ಚು ಹಾಕಿಸಿದ್ದಕ್ಕಿಂತ ಉಪಕಾರವಾಗುತ್ತಿತ್ತು.

ಬದಲಿಗೆ ಅವರು ಕೊಡುವ ಸಲಹೆ ಎಂದರೆ "ಕಂಬೀಲಿ ಮಾತ್ರ ಜುಗ್ಗತನ ಮಾಡ್ಬೇಡಿ." ಡ್ರಾಯಿಂಗಿನಲ್ಲಿ 8 ಎಂಎಂ ಇದ್ದರೆ 10 ಹಾಕಿಸು, ಕಾಲಂ ಇನ್ನೆರಡು ಇರಲಿ. ದುಡ್ಡು ಹೋಗುತ್ತದೆ, ಧೈರ್ಯ ಬರುತ್ತದೆ. ಅದೇ ಕಂಬಿಯ ಕೆಳಗೆ 20 ಎಂಎಂ ಕವರ್ ಬ್ಲಾಕ್ ಇಡಬೇಕಾದಲ್ಲಿ ಕೈಗೆ ಸಿಕ್ಕ ಜಲ್ಲಿ ಚೂರು ತುರುಕಿರುತ್ತಾರೆ. ಕೆಲವು ಕಡೆ ಕಂಬಿ ಸೀದಾ ಶೀಟಿನ ಮೇಲೆ ಮಲಗಿರುತ್ತದೆ. ಕೆಲವು ವರ್ಷಕ್ಕೆ ತುಕ್ಕು ಹಿಡಿದು ಕೆಳಗಿನ ಗಾರೆ ಉದುರುವುದು ಅಲ್ಲಿಂದಲೇ. ಪಾಯದ ಕತೆಯೂ ಇದೇ. "ನಮ್ದು ಐದಡಿ, ನಿಮ್ಗೂ ಐದಡಿ ಸಾಕು" ಎಂಬುದು ಸ್ನೇಹದ ಮಾತು. ಆದರೆ ಕೆರೆಯ ಅಂಚಿನಲ್ಲಿ ಮಣ್ಣು ತುಂಬಿಸಿ ಮಾಡಿದ ಬಡಾವಣೆಯಲ್ಲಿ ಎರಡು ಸೈಟು ಆಚೆಗೆ ಗಟ್ಟಿನೆಲ ಎಷ್ಟು ಕೆಳಗಿದೆಯೋ ಸ್ನೇಹಕ್ಕೆ ಗೊತ್ತಾಗುವುದಿಲ್ಲ. ಈಶಾನ್ಯದಲ್ಲಿ ಸಂಪು ಬರಬೇಕೆಂದು ಹಟ ಹಿಡಿಯುವ ಹಿತೈಷಿ ಸಂಪಿನ ಗೋಡೆಗೂ ಪಾಯಕ್ಕೂ ಎಷ್ಟು ಅಂತರವಿದೆ ಎಂದು ಕೇಳಿದ್ದು ನನಗಂತೂ ನೆನಪಿಲ್ಲ.

ಹಾಗಾದರೆ ತಿಳಿದವರೇ ಬಂದು ಹೇಳಿದರೆ? ಅದೂ ನಮ್ಮಲ್ಲೇ ಆಗಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ ಹಳ್ಳಿಗಳಿಗಾಗಿ 'ಅಸ್ತ್ರ' ಎಂಬ ಕೇಂದ್ರ ಶುರುವಾಯಿತು. ಅದರ ವಿಸ್ತರಣಾ ಕೇಂದ್ರ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಇತ್ತು. ಅಸ್ತ್ರ ಒಲೆಯ ಹೆಸರು ಕೇಳಿದವರು ಬಹಳ. ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ಮಾಡಿದ ಮನೆಯ ಕೆಲಸ ಅಷ್ಟು ಸುದ್ದಿಯಾಗಲಿಲ್ಲ. ಮರಳಿನಂಶ ಹೆಚ್ಚಿರುವ ಮಣ್ಣನ್ನು ಜರಡಿ ಹಿಡಿದು, ನೂರಕ್ಕೆ ಏಳೆಂಟು ಪಾಲು ಸಿಮೆಂಟು ಬೆರೆಸಿ, ಕೈಯಲ್ಲಿ ಒತ್ತುವ ಯಂತ್ರದಲ್ಲಿ ಇಟ್ಟಿಗೆ ಮಾಡುವ ವಿಧಾನ ಅದು. ಸುಡುವುದಿಲ್ಲ, ಹಾಗಾಗಿ ಸೌದೆ ಬೇಡ. ಮೂರು ವಾರ ನೆರಳಲ್ಲಿಟ್ಟು ನೀರು ಚಿಮುಕಿಸಿದರೆ ಸಾಕು. ಒಳ್ಳೆಯ ಎಂಜಿನಿಯರಿಂಗು, ಅನುಮಾನವಿಲ್ಲ.

ಇವತ್ತು ಕುಣಿಗಲ್‌ನಿಂದ ಹುಲಿಯೂರುದುರ್ಗದ ದಾರಿಯಲ್ಲಿ ಎದ್ದಿರುವ ಮನೆಗಳಲ್ಲಿ ಕಾಣುವುದು ಸಿಮೆಂಟ್ ಬ್ಲಾಕು. ಮಣ್ಣಿನ ಇಟ್ಟಿಗೆ ಬೆಂಗಳೂರಿಗೆ ಹೋಗಿ ಕಾಸುಳ್ಳವರ ಮನೆಯ ಗಿಲಾವಿಲ್ಲದ ಗೋಡೆಯಾಗಿ ಚೆನ್ನಾಗಿ ಬಾಳುತ್ತಿದೆ. ಇದಕ್ಕೆ ಹಳ್ಳಿಯವರ ಅಜ್ಞಾನ ಕಾರಣ ಎನ್ನುವವರನ್ನು ನಾನು ಒಪ್ಪುವುದಿಲ್ಲ. ಮನೆ ಕಟ್ಟುವವನು ಮೊದಲು ಕೇಳುವುದು "ನಮ್ಮೋರಲ್ಲಿ ಯಾರು ಕಟ್ಟವ್ರೆ?" ಎಂದು. ಬಿರುಕು ಬಿಟ್ಟರೆ ಯಾವ ಮೇಸ್ತ್ರಿಯನ್ನು ಕರೆಯಬೇಕು, ಬ್ಯಾಂಕಿನವರು ಬಂದು ನೋಡಿ ಏನನ್ನುತ್ತಾರೆ, ನಾಳೆ ಮಗನ ಮದುವೆಗೆ ಹೆಣ್ಣಿನ ಕಡೆಯವರು "ಮಣ್ಣಿನ ಮನೆ" ಎಂದು ಮುಖ ಸಿಂಡರಿಸಿದರೆ ಏನು ಗತಿ ಎಂಬವು ಅವನ ನಿಜವಾದ ಪ್ರಶ್ನೆಗಳು. ಮಣ್ಣಿನ ಮನೆಯಿಂದ ಹೊರಬರುವುದಕ್ಕೇ ಅವನು ಸಾಲ ಮಾಡಿರುತ್ತಾನೆ. ಪ್ರಯೋಗಾಲಯ ಇಟ್ಟಿಗೆಯ ಬಲವನ್ನು ಅಳೆದು ಕೊಡಬಹುದು, ಈ ಭಯಕ್ಕೆ ಜೊತೆಯಾಗಿ ನಿಲ್ಲಲಾರದು. ಜೊತೆ ನಿಲ್ಲಬಲ್ಲ ನೆಂಟರಿಗೆ, ನೆರೆಯವರಿಗೆ ಆ ಇಟ್ಟಿಗೆಯ ಅನುಭವವಿರಲಿಲ್ಲ. ಮುಯ್ಯಿ ಮಾತು ತೀರಾ ಅಂಜುಬುರುಕ ಎಂಬ ನನ್ನ ದೂರು ಇಲ್ಲಿಗೇ ಮುಟ್ಟುತ್ತದೆ: ಪಕ್ಕದವರು ಮಾಡಿದ್ದನ್ನು ಮಾತ್ರ ಅದು ಹೇಳಿಕೊಡುತ್ತದೆ, ಮೊದಲು ಮಾಡುವವನಿಗೆ ಅದರಿಂದ ಏನೂ ಸಿಗುವುದಿಲ್ಲ.

ಅಂಜಿಕೆ ಎಷ್ಟೆಂದರೆ, ತಮ್ಮ ಬದುಕಿಗೆ ಬೇಕಾದ್ದನ್ನೇ ಬಿಟ್ಟು ಪಕ್ಕದವರ ಮನೆಯನ್ನು ಎತ್ತಿಕೊಂಡು ಬರುತ್ತಾರೆ. ಗುಬ್ಬಿ, ಕುಣಿಗಲ್ ಕಡೆಯ ತೆಂಗಿನವರಿಗೆ ಅಟ್ಟವೆಂದರೆ ದುಡಿಮೆಯ ಜಾಗ. ಅಡಿಕೆ ದಬ್ಬೆ ಹಾಸಿದ ಅಟ್ಟದ ಮೇಲೆ ಸಿಪ್ಪೆ ಸಮೇತ ಕಾಯಿ ಹರವಿ, ಹತ್ತು ಹನ್ನೊಂದು ತಿಂಗಳು ಬಿಟ್ಟು, ಕೆಳಗಿನಿಂದ ಸ್ವಲ್ಪ ಹೊಗೆ ಕೊಟ್ಟರೆ ಒಳಗಿನ ನೀರು ಇಂಗಿ ಉಂಡೆ ಕೊಬ್ಬರಿಯಾಗುತ್ತದೆ. ತಿಪಟೂರಿನ ಮಾರುಕಟ್ಟೆಗೆ ಹೋಗುವುದು ಅದೇ. ಹಳೇ ಹೆಂಚಿನ ಮನೆ ಕೆಡವಿದಾಗ ಅಟ್ಟವೂ ಹೋಗುತ್ತದೆ. ಹೊಸ ಮನೆ ತುಮಕೂರಿನ ಮೂವತ್ತು-ನಲವತ್ತರ ಸೈಟಿನ ನಕಲು: ಹಾಲು, ಪಕ್ಕದಲ್ಲಿ ಕಿಚನ್ನು, ಅಟ್ಯಾಚ್ ಬಾತ್‌ರೂಮು. ತೋಟದ ಮಧ್ಯೆ ಅರ್ಧ ಎಕರೆ ಜಾಗವಿದ್ದರೂ ಮೂರಡಿ ಪ್ಯಾಸೇಜು! ಆಮೇಲೆ ಕಾಯಿ ಇಡಲು ಶೀಟಿನ ಶೆಡ್ಡಿಗೆ ಬೇರೆ ಸಾಲ. ಸಲಹೆ ಕೊಟ್ಟ ಭಾವಮೈದುನ ಊರಿನಲ್ಲಿ ಬಾಡಿಗೆ ಮನೆಯಲ್ಲಿರುವವನು, ಅವನಿಗೆ ಅಟ್ಟದ ಚಿಂತೆ ಯಾಕೆ? ಆ ಮನೆಯ ಅತ್ತೆಯನ್ನು ಕೇಳಿದ್ದರೆ ಹೇಳುತ್ತಿದ್ದರು. ನೀರು ಹೊಡೆಯುವಾಗ ಬೇಕಾಗುವ ಹೆಂಗಸರು ನಕ್ಷೆಯ ಮಾತು ಬಂದಾಗ ಕಾಫಿ ತರಲು ಒಳಗೆ ಹೋಗಿರುತ್ತಾರೆ.

ಸರ್ಕಾರದ ಅನುದಾನದಲ್ಲಿ ಕಟ್ಟುವವರ ನಡುವಿನ ಸಲಹೆ ಬೇರೆ ತರಹದ್ದು, ನನ್ನ ಕಣ್ಣಿಗೆ ಹೆಚ್ಚು ಪ್ರಾಮಾಣಿಕವಾದದ್ದು. ತಳಪಾಯ, ಲಿಂಟಲ್, ಛಾವಣಿ ಎಂದು ಹಂತ ಹಂತವಾಗಿ ಫೋಟೋ ಹಿಡಿದ ಮೇಲೆ ಕಂತು ಬರುವುದರಿಂದ ಅಲ್ಲಿ ಎಡವಟ್ಟೇ ಮೊದಲ ಮಾತು: ಯಾರ ಬಿಲ್ಲು ಎಲ್ಲಿ ನಿಂತಿತು, ಲಿಂಟಲ್‌ವರೆಗೆ ಎದ್ದು ಯಾರ ಗೋಡೆ ಎರಡು ಮಳೆಗಾಲ ನೆನೆಯಿತು. ಮುಚ್ಚಿಡಲು ಅವರಲ್ಲಿ ಪ್ರತಿಷ್ಠೆಯ ಭಾರವಿಲ್ಲ. ಬಡಾವಣೆಯವರು ಅವರಿಂದ ಕಲಿಯಬಹುದಿತ್ತು, ಆದರೆ ಒಂದೇ ಮೇಸ್ತ್ರಿಯ ಹತ್ತಿರ ಕೆಲಸ ಮಾಡಿಸಿದರೂ ಈ ಎರಡು ಗುಂಪು ಮಾತಾಡಿಕೊಳ್ಳುವುದು ಅಪರೂಪ.

ಇನ್ನು ನಿಜವಾಗಿ ಕಟ್ಟುವವರು. ಬಾಂಡ್ಲಿ ಹೊರುವ ಹೆಂಗಸರು, ಸಾರುವೆಯ ಮೇಲೆ ನಿಂತು ಗಿಲಾವು ಮಾಡುವವರು ಈ ಒಡನಾಟದಲ್ಲಿ ಲೆಕ್ಕಕ್ಕೇ ಇಲ್ಲ. "ಅವರನ್ನ ನಂಬಬೇಡಿ, ಕಣ್ಣಿಟ್ಟಿರಿ" ಎಂಬುದೊಂದೇ ಅವರ ಬಗ್ಗೆ ಹರಿದಾಡುವ ಸಲಹೆ. ಮೋಲ್ಡ್ ದಿನ ಊಟ ಹಾಕಿಸುತ್ತಾರೆ, ನಿಜ. ಆದರೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ ರಾಜ್ಯದಲ್ಲಿ 2007ರಿಂದ ಇದೆ. ಅದರ ಕಾರ್ಡು ಸಿಗಬೇಕಾದರೆ ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿದ್ದಕ್ಕೆ ಪ್ರಮಾಣಪತ್ರ ಬೇಕು, ಅದಕ್ಕೆ ಕೆಲಸ ಕೊಟ್ಟವರು ಸಹಿ ಹಾಕಬಹುದು. ಆರೇಳು ತಿಂಗಳು ನಡೆಯುವ ಮನೆ ಕೆಲಸದಲ್ಲಿ ಗಾರೆಯವರಿಗೆ ತೊಂಬತ್ತು ದಿನ ಆಗಿಯೇ ಆಗುತ್ತದೆ. ಟೈಲ್ಸಿನ ಅಂಗಡಿಗೆ ಮೂರು ಭಾನುವಾರ ಜೊತೆ ಬರುವ ಸ್ನೇಹಿತ "ಆ ಹಾಳೆಗೊಂದು ಸಹಿ ಹಾಕ್ಕೊಡಿ ಸಾರ್, ನಾನೂ ಹಾಕ್ಕೊಟ್ಟಿದ್ದೆ" ಎಂದು ಹೇಳುವುದನ್ನು ತುಮಕೂರಿನಲ್ಲಾಗಲಿ ಗುಬ್ಬಿಯಲ್ಲಾಗಲಿ ನಾನಿನ್ನೂ ಕೇಳಿಸಿಕೊಂಡಿಲ್ಲ.