ಕೆಸರಿಗೆ ಗಾಲಿ, ಎಣ್ಣೆಗೆ ಚೆಂಡು

ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟರೆಂದರೆ ಮಾನ್ವಿ, ಸಿರವಾರದ ಕಡೆ ಟ್ರ್ಯಾಕ್ಟರುಗಳು ಕಬ್ಬಿಣದ ಕೇಜ್ ವೀಲ್ ಹಾಕಿಕೊಂಡು ಗದ್ದೆಗಿಳಿಯುತ್ತವೆ. ಮಲ್ಲಟದಲ್ಲಿ ನಮ್ಮ ಮಾವನೊಬ್ಬ ವರ್ಷಗಟ್ಟಲೆ ಇದೇ ಕೆಲಸ ಮಾಡಿದವನು. ಹೊಸ ಟ್ರ್ಯಾಕ್ಟರು ಕೊಂಡವರು ಹಾರ್ಸ್‌ಪವರ್ ಲೆಕ್ಕ ಒಪ್ಪಿಸತೊಡಗಿದರೆ ಅವನದು ಒಂದೇ ಮಾತು: "ಇಂಜಿನ್ ಎಷ್ಟರ ದೊಡ್ಡದಿರಲಿ, ಕೆಸರಾಗ ಗಾಲಿ ಹಿಡೀಬೇಕಲ್ಲಪ್ಪ."

ಬೆಂಗಳೂರಿನ ಟೆನ್‌ಪಿನ್ ಬೌಲಿಂಗ್ ಬಳಗದಲ್ಲಿ ಈ ಮಾತು ನನಗೆ ಮೇಲಿಂದ ಮೇಲೆ ನೆನಪಾಗುತ್ತದೆ. ಚರ್ಚ್ ಸ್ಟ್ರೀಟಿನ ಅಮೀಬಾದಂಥ ಬೌಲಿಂಗ್ ಕೇಂದ್ರಗಳಲ್ಲಿ ಬಾಡಿಗೆ ಚೆಂಡು ಉರುಳಿಸಿ ರುಚಿ ಹತ್ತಿದವರು, ಒಂದೆರಡು ವರ್ಷಕ್ಕೆ ಸ್ವಂತ ಚೆಂಡು ಕೊಳ್ಳುವ ಹಂತಕ್ಕೆ ಬರುತ್ತಾರೆ. ಆಗ ಸಿಗುವ ಸಲಹೆ ಹೆಚ್ಚುಕಡಿಮೆ ಎಲ್ಲರಿಗೂ ಒಂದೇ. ಲೇನಿನಲ್ಲಿ ಎಣ್ಣೆ ಜಾಸ್ತಿಯೇ? ಹಾಗಾದರೆ ಕ್ಯಾಟಲಾಗಿನಲ್ಲಿ ಇರುವುದರಲ್ಲೇ ಜೋರಿನ ಚೆಂಡು ತಗೋ: ಒಳಗೆ ಅಸಿಮೆಟ್ರಿಕ್ ಕೋರ್, ಹೊರಗೆ ಸಾಲಿಡ್ ರಿಯಾಕ್ಟಿವ್ ಹೊದಿಕೆ, ಕೋರ್‌ನ ಅಂಕಿಗಳಲ್ಲಿ ದೊಡ್ಡ ಡಿಫರೆನ್ಷಿಯಲ್. ದುಡ್ಡು ಹೆಚ್ಚಾದಷ್ಟೂ ಚೆಂಡು ಹೆಚ್ಚು ತಿರುಗುತ್ತದೆ ಎನ್ನುವ ನಂಬಿಕೆ ಇದರ ಹಿಂದಿದೆ. ಈ ಸಲಹೆ ಅರ್ಧ ತಪ್ಪು, ಇನ್ನರ್ಧ ಅವಸರದ್ದು ಎಂದು ನನ್ನ ಅಭಿಪ್ರಾಯ.

ಲೇನ್ ನೋಡೋಣ. ಫೌಲ್ ಗೆರೆಯಿಂದ ಮೊದಲ ಪಿನ್‌ವರೆಗೆ 60 ಅಡಿ, ಅಡ್ಡಕ್ಕೆ 39 ಪಟ್ಟಿ. ಎಣ್ಣೆ ಇರುವುದು ಸಾಮಾನ್ಯವಾಗಿ ಮೊದಲ 40 ಅಡಿಯಷ್ಟರಲ್ಲಿ, ಉಳಿದದ್ದು ಒಣ. ಹಿಂದೆ ಮರದ ಹಲಗೆ ಸವೆಯದಿರಲೆಂದು ಹಚ್ಚುತ್ತಿದ್ದ ಎಣ್ಣೆ ಇವತ್ತು ಆಟದ ವ್ಯಾಕರಣವೇ ಆಗಿಬಿಟ್ಟಿದೆ. ಇಡೀ ಲೇನಿಗೆ ಬೀಳುವುದು ಇಪ್ಪತ್ತು ಚಿಲ್ಲರೆ ಮಿಲಿಲೀಟರ್, ಅಂದರೆ ಮನೆಯಲ್ಲಿ ಒಗ್ಗರಣೆಗೆ ಹಾಕುವಷ್ಟು. ಅದು ಕೂದಲೆಳೆಗಿಂತ ಎಷ್ಟೋ ಪಾಲು ತೆಳುವಾದ ಪದರವಾಗಿ ಹರಡಿರುತ್ತದೆ. ಆರೇಳು ಕಿಲೋ ತೂಕದ ಚೆಂಡು ಆ ಪದರದ ಮೇಲೆ ಮೊದಲು ಜಾರುತ್ತದೆ, ಆಮೇಲೆ ತಿರುಗುತ್ತದೆ, ಕೊನೆಗೆ ಉರುಳುತ್ತದೆ.

ಜಾರುವುದನ್ನು ತಡೆಯುವುದು ಯಾವುದು? ಒಳಗಿನ ಕೋರ್ ಅಲ್ಲ, ಹೊರಗಿನ ಚರ್ಮ. ಒರಟು ಮೈಯಲ್ಲಿರುವ ಕಣ್ಣಿಗೆ ಕಾಣದ ದಿಬ್ಬಗಳು ಎಣ್ಣೆಯ ಪದರ ದಾಟಿ ಹಲಗೆಯನ್ನು ಮುಟ್ಟುತ್ತವೆ. ನುಣುಪು ಮೈ ಎಣ್ಣೆಯ ಮೇಲೆ ತೇಲಿಹೋಗುತ್ತದೆ. ಅಮೆರಿಕದ ಬೌಲಿಂಗ್ ಸಂಸ್ಥೆ ಯುಎಸ್‌ಬಿಸಿ ಚೆಂಡಿನ ಚಲನೆಯ ಮೇಲೆ ನಡೆಸಿದ ಅಧ್ಯಯನದಲ್ಲೂ ಮೈಯ ಒರಟುತನ, ಘರ್ಷಣೆ, ಎಣ್ಣೆ ಹೀರುವ ಗುಣ ಇವೇ ಮುಂದಿನ ಸಾಲಿನಲ್ಲಿ ಬಂದವು. ಕೋರ್‌ನ ಅಂಕಿಗಳು ಅವುಗಳ ಹಿಂದೆ. ಇಂಜಿನ್ ಅಲ್ಲ, ಗಾಲಿ. ಮಾವನಿಗೆ ಇದಕ್ಕೆ ಅಧ್ಯಯನ ಬೇಕಾಗಿರಲಿಲ್ಲ.

ಈ ಗಾಲಿಯನ್ನು ಬದಲಿಸುವ ಖರ್ಚೂ ಅಂಥದ್ದೇನಿಲ್ಲ. ಮಧ್ಯಮ ಬೆಲೆಯ ಸಿಮೆಟ್ರಿಕ್ ಸಾಲಿಡ್ ಚೆಂಡಿಗೆ ಕಾರ್ಖಾನೆ ಹಚ್ಚಿದ ಹೊಳಪಿದ್ದರೆ, ಒದ್ದೆ ಅಬ್ರಲಾನ್ ಪ್ಯಾಡ್ ಹಿಡಿದು ಮಗ್ಗುಲು ಬದಲಿಸುತ್ತಾ ಸುತ್ತಲೂ ಸಮನಾಗಿ ಉಜ್ಜಿ. 1000ದ ಪ್ಯಾಡ್ ಆದರೆ ಬೆರಳಿಗೆ ಸ್ಲೇಟಿನ ಹಾಗೆ ತಗಲುತ್ತದೆ, 4000ದ್ದಾದರೆ ಬಳಪ ಉಜ್ಜಿ ಉಜ್ಜಿ ನುಣ್ಣಗಾದ ಹಳೇ ಹಲಗೆಯ ಹಾಗೆ. ಅದೇ ಚೆಂಡು, ಎರಡು ಸ್ವಭಾವ. ಒಂದು ಎಚ್ಚರಿಕೆ: ಉಜ್ಜುವುದೇನಿದ್ದರೂ ಪಂದ್ಯ ಶುರುವಾಗುವ ಮುಂಚೆ, ನಡುವೆ ಮೈ ಬದಲಿಸಲು ನಿಯಮ ಬಿಡುವುದಿಲ್ಲ.

ನಾನೂ ಮೊದಲು ಜೋರಿನ ಚೆಂಡಿಗೇ ಮರುಳಾದವನು. ಮಾರಿದವರು 500ರ ಪ್ಯಾಡಿನಲ್ಲಿ ಉಜ್ಜಿಯೇ ಕೊಟ್ಟಿದ್ದರು. ಮೊದಲ ದಿನ ಖುಷಿ. ಎರಡನೇ ವಾರದಿಂದ ಚೆಂಡು ಮೊದಲ ಪಿನ್ನಿನ ಪಕ್ಕದ ಪಾಕೆಟ್ಟಿಗೆ ನೇರ ಹೋಗಿಯೂ ಬಲಮೂಲೆಯ ಹತ್ತನೇ ಪಿನ್ ಅಲ್ಲಾಡದೆ ನಿಲ್ಲುತ್ತಿತ್ತು. "ಎಣ್ಣೆ ಇನ್ನೂ ಜಾಸ್ತಿ ಇದೆ" ಎಂದುಕೊಂಡು ಮತ್ತೂ ಒರಟು ಮಾಡಿದೆ. ಆದದ್ದು ತದ್ವಿರುದ್ಧ. ಚೆಂಡು ಎಣ್ಣೆಯಲ್ಲೇ ಬೇಗ ಹಿಡಿದುಕೊಂಡು ತಿರುಗುವ ಕಸುವನ್ನೆಲ್ಲ ದಾರಿಯಲ್ಲೇ ಸುಟ್ಟುಕೊಳ್ಳುತ್ತಿತ್ತು. ಪಿನ್ ತಲುಪುವಷ್ಟರಲ್ಲಿ ಸುಮ್ಮನೆ ಉರುಳುವ ಗುಂಡು. ಕೇಜ್ ವೀಲ್ ಹಾಕಿಕೊಂಡು ಡಾಂಬರು ರಸ್ತೆ ಹತ್ತಿದ ಟ್ರ್ಯಾಕ್ಟರಿನ ಕಥೆ.

ಅದಕ್ಕಿಂತ ಮುಖ್ಯವಾದ ತಕರಾರು ಬೇರೆ. "ಎಣ್ಣೆ ಜಾಸ್ತಿ" ಎಂದು ತೀರ್ಪು ಕೊಡುವವರು ಯಾರು? ಚೆಂಡು ಬಲಕ್ಕೆ ಉಳಿದರೆ ಎಲ್ಲರೂ ಎಣ್ಣೆಯನ್ನೇ ಬಯ್ಯುತ್ತಾರೆ. ಗಂಟೆಗೆ 28 ಕಿಲೋಮೀಟರ್ ವೇಗದಲ್ಲಿ, ಮಣಿಕಟ್ಟು ಸಡಿಲಬಿಟ್ಟು ಎಸೆದರೆ ಯಾವ ಲೇನೂ ಎಣ್ಣೆಯ ಕೊಡವೇ. ಅದೇ ಲೇನಿನಲ್ಲಿ ಪಕ್ಕದವನು 24ರ ವೇಗಕ್ಕೆ ಇಳಿದು ಬೆರಳಲ್ಲಿ ಒಳ್ಳೆಯ ಸುತ್ತು ಕೊಟ್ಟು ಪಿನ್ ಉರುಳಿಸುತ್ತಿರುತ್ತಾನೆ. ಚೆಂಡು ವಾಪಸು ಬಂದಾಗ ಅದರ ಮೇಲಿನ ಎಣ್ಣೆಯ ಬಳೆಗಳನ್ನು ನೋಡಿ. ಬಳೆಗಳು ಬಿಡಿಬಿಡಿಯಾಗಿ ಹರಡಿದ್ದರೆ ಪ್ರತಿ ಸುತ್ತಿಗೂ ಒಣ ಮೈ ಹಲಗೆಗೆ ಸಿಗುತ್ತಿದೆ ಎಂದರ್ಥ. ಕೋರ್ ತನ್ನ ಕೆಲಸ ಮಾಡಿದೆ, ಅದರ ಮೇಲೆ ಗೂಬೆ ಕೂರಿಸಬೇಡಿ. ಇನ್ನು ಚೆಂಡು ತಿರುಗುವ ಜಾಗ. ಎಣ್ಣೆಯ ಉದ್ದದಿಂದ 31 ಕಳೆಯುವ ಹಳೇ ಲೆಕ್ಕವೊಂದಿದೆ: 40 ಅಡಿಯಾದರೆ ಅಂಚಿನಿಂದ ಒಂಬತ್ತನೇ ಪಟ್ಟಿಯ ಆಸುಪಾಸಿನಲ್ಲಿ ಚೆಂಡು ತಿರುಗಬೇಕು, 45 ಆದರೆ ಹದಿನಾಲ್ಕರಲ್ಲಿ. ಉದ್ದದ ಎಣ್ಣೆಯಲ್ಲೂ ಒಂಬತ್ತಕ್ಕೇ ಜೋತುಬಿದ್ದವನನ್ನು ಯಾವ ಚೆಂಡೂ ಕಾಯುವುದಿಲ್ಲ.

ಜೋರಿನ ಚೆಂಡು ಯಾರಿಗೂ ಬೇಡವೆಂದು ನಾನು ಹೇಳುತ್ತಿಲ್ಲ. ವೇಗ ಹೆಚ್ಚು, ಸುತ್ತು ಕಡಿಮೆ ಇರುವ ಕೈಯವರಿಗೆ, 45 ಅಡಿಯ ದಟ್ಟ ಎಣ್ಣೆಯ ಮೇಲೆ ಟೂರ್ನಮೆಂಟ್ ಆಡುವವರಿಗೆ ಅದು ಬೇಕೇ ಬೇಕು. ಆದರೆ ನಮ್ಮಲ್ಲಿ ಕೊಳ್ಳುವವರಲ್ಲಿ ಹೆಚ್ಚಿನವರು ಹೌಸ್ ಪ್ಯಾಟರ್ನಿನ ಮೇಲೆ, ಅಂದರೆ ನಡುವೆ ದಟ್ಟ, ಅಂಚಿಗೆ ತೆಳು ಎಣ್ಣೆಯ ಮೇಲೆ ಆಡುವವರು. ಸಂಜೆಯ ಹೊತ್ತಿಗೆ ನೂರಾರು ಚೆಂಡು ಓಡಾಡಿ ಅದೂ ಕದಡಿರುತ್ತದೆ. ನಾಟಿ ಗದ್ದೆಯಲ್ಲಿ ಎರಡನೇ ಸಾಲಿಗೇ ಹದ ಬೇರೆಯಾಗುವುದಿಲ್ಲವೇ, ಹಾಗೆ.

ಇನ್ನೊಂದು ಸಂಗತಿ ಮಾರುವವರ ಬಾಯಲ್ಲಿ ಬರುವುದು ಕಡಿಮೆ. ರಿಯಾಕ್ಟಿವ್ ರೆಸಿನ್ ಎಣ್ಣೆ ಕುಡಿಯುತ್ತದೆ, ಕುಡಿದಷ್ಟೂ ಮಂಕಾಗುತ್ತದೆ. 2020ರ ಆಗಸ್ಟ್ 1ರಿಂದ ಯುಎಸ್‌ಬಿಸಿ ಹೊಸ ಚೆಂಡುಗಳಿಗೆ ಎಣ್ಣೆ ಹೀರುವ ವೇಗದ ಮೇಲೂ ಮಿತಿ ಹಾಕಿತು. ದುಬಾರಿ ಚೆಂಡು ಕೊಂಡು, ಆಡಿದ ಮೇಲೆ ಒರೆಸದೆ ಹಾಗೇ ಬ್ಯಾಗಿಗೆ ತುಂಬುವವರಿಗಿಂತ, ಸಾಧಾರಣ ಚೆಂಡನ್ನು ಅಲ್ಲೇ ಮೈಕ್ರೊಫೈಬರ್ ಬಟ್ಟೆಯಲ್ಲಿ ಒರೆಸಿಟ್ಟುಕೊಳ್ಳುವವರ ಚೆಂಡು ಹೆಚ್ಚು ದಿನ ತಿರುಗುತ್ತದೆ.

ನನ್ನ ಆ ಜೋರಿನ ಚೆಂಡು ಈಗ ಮಲ್ಲಟದ ಮನೆಯ ಪಡಸಾಲೆಯಲ್ಲಿದೆ. ಗುಂಡು ಎತ್ತಿ ಅಭ್ಯಾಸವಿರುವ ಹುಡುಗರಿಗೆ ಅದೊಂದು ತೂಕವೇ ಅಲ್ಲ. ಮಾವ ಒಂದು ದಿನ ಅದರ ತೂತಿಗೆ ಬೆರಳು ಹಾಕಿ ನೋಡಿದ, ಮೈ ಸವರಿದ, ಆಮೇಲೆ ಕೇಳಿದ: "ಇದ್ನ ಉಜ್ಜಿ ಉಜ್ಜಿ ಕೆಡಿಸಿದ್ಯಲ್ಲೋ, ಎಷ್ಟು ಕೊಟ್ಟಿದ್ದಿ?" ನಾನು ಅರ್ಧ ರೇಟು ಹೇಳಿದೆ.