ಫೆರಾರಿಯ ಬೆಲೆ, ಫಿಯೆಟ್ಟಿನ ಬಾಳು

2023ರ ನವೆಂಬರಿನಲ್ಲಿ ನ್ಯೂಯಾರ್ಕಿನ ಆರ್‌ಎಂ ಸೋಥೆಬೀಸ್ ಹರಾಜಿನಲ್ಲಿ 1962ರ ಫೆರಾರಿ ಜಿಟಿಒ ಕಾರೊಂದು 5.17 ಕೋಟಿ ಡಾಲರಿಗೆ ಹೋಯಿತು. ಮಾರಿದವರು ಅದನ್ನು 1985ರಲ್ಲಿ ಕೊಂಡದ್ದು 5 ಲಕ್ಷ ಡಾಲರಿಗೆ. ಲೆಕ್ಕ ಹಾಕಿದರೆ 38 ವರ್ಷಗಳ ಕಾಲ ವರ್ಷಕ್ಕೆ ಸುಮಾರು ಶೇ. 13ರ ಚಕ್ರಬಡ್ಡಿ. ಇಂಥ ಸುದ್ದಿ ಓದಿದವರಿಗೆ ಹಳೇ ಕಾರು ಹೊಲಕ್ಕಿಂತ, ಬಂಗಾರಕ್ಕಿಂತ ಮೇಲೆಂದು ಅನಿಸುವುದು ಸಹಜ. ದುಡ್ಡು ಕೈಸೇರಿದಾಗ ಎಲ್ಲಿ ಹಾಕಬೇಕೆಂದು ಹುಡುಕುವ ಬಳ್ಳಾರಿ ಸೀಮೆಯಲ್ಲಿ ನಿಂತು ಈ ನಂಬಿಕೆಯನ್ನು ಒರೆಗೆ ಹಚ್ಚಬೇಕಾಗಿದೆ. ನನ್ನ ತೀರ್ಮಾನವನ್ನು ಮೊದಲೇ ಹೇಳುತ್ತೇನೆ: ಹಳೆಯ ಇಟಲಿ ಕಾರು ಉಳಿಸಿಕೊಳ್ಳಬೇಕಾದ ಸೊತ್ತು, ಆದರೆ ಲಾಭಕ್ಕೆಂದು ದುಡ್ಡು ಹಾಕುವ ಜಾಗವಲ್ಲ.

ಬೆಲೆ ಎಲ್ಲಿಂದ ಹುಟ್ಟುತ್ತದೆ? 1962ರಿಂದ 64ರವರೆಗೆ ತಯಾರಾದ ಜಿಟಿಒಗಳು 36 ಮಾತ್ರ. ಮೊಡೆನಾದ ಸ್ಕಾಲಿಯೆಟ್ಟಿ ಕಾರ್ಖಾನೆಯ ಕುಶಲಕರ್ಮಿಗಳು ಅಲ್ಯೂಮಿನಿಯಂ ತಗಡನ್ನು ಕೈಯಿಂದ ಬಡಿದು ಅದರ ಮೈ ಮಾಡಿದರು. ರಸ್ತೆಯ ಮೇಲೆ ಓಡಿಸಿಕೊಂಡು ಹೋಗಿ, ಅದೇ ಕಾರಿನಲ್ಲಿ ಪಂದ್ಯ ಗೆಲ್ಲಬಹುದಿತ್ತು. ಆದರೆ ಅಪರೂಪವೊಂದೇ ಸಾಲದು, ಪುರಾವೆಯೂ ಬೇಕು. ಚಾಸಿ, ಎಂಜಿನ್, ಗೇರ್‌ಬಾಕ್ಸ್‌ಗಳ ನಂಬರು ಕಾರ್ಖಾನೆಯ ಹಳೆಯ ದಾಖಲೆಗೆ ತಾಳೆಯಾಗುತ್ತದೆಯೇ ಎಂದು ನೋಡಿ ಪ್ರಮಾಣಪತ್ರ ಕೊಡುವುದಕ್ಕೆಂದೇ ಮರನೆಲ್ಲೊದ ಫೆರಾರಿ ಒಂದು ವಿಭಾಗ ನಡೆಸುತ್ತಿದೆ. ಅದೇ ಆಕಾರದಲ್ಲಿ ಹೊಸದಾಗಿ ಕಟ್ಟಿದ ನಕಲಿಗೆ ಮೂಲದ ಬೆಲೆಯ ಸಣ್ಣ ಪಾಲೂ ಸಿಗುವುದಿಲ್ಲ. ಕೋಟಿಗಟ್ಟಲೆ ಬೆಲೆ ಲೋಹಕ್ಕಲ್ಲ, ಆ ಲೋಹದ ಜಾತಕಕ್ಕೆ.

ಈ ಬೆಲೆ ಎಷ್ಟು ಚಂಚಲ ಎನ್ನುವುದನ್ನೂ ನೋಡಬೇಕು. 1988ರ ಆಗಸ್ಟಿನಲ್ಲಿ ಕಂಪನಿಯ ಸ್ಥಾಪಕ ಎಂಜೊ ಫೆರಾರಿ ತೀರಿಕೊಂಡರು, ಅವರ ಕಾಲದ ಕಾರುಗಳಿಗೆ ಬೇಡಿಕೆ ಏರಿತು. ಜಪಾನಿನಲ್ಲಿ ಆಗ ಹಣದ ಹೊಳೆ. 1989ರಲ್ಲಿ ಜಿಟಿಒ ಒಂದು ಕೋಟಿ ಡಾಲರ್ ದಾಟಿತು. ಜಪಾನಿನ ಉಬ್ಬರ ಇಳಿದ ಕೆಲವೇ ವರ್ಷಗಳಲ್ಲಿ ಅಂಥದೇ ಕಾರಿಗೆ ಅದರ ಮೂರರಲ್ಲಿ ಒಂದು ಪಾಲು ಹುಟ್ಟುವುದೂ ಕಷ್ಟವಾಯಿತು. ಬಳ್ಳಾರಿಯವರಿಗೆ ಈ ಕಥೆಯನ್ನು ಬಿಡಿಸಿ ಹೇಳಬೇಕಿಲ್ಲ. ಚೀನಾದ ಬೇಡಿಕೆಯನ್ನು ನಂಬಿ ಅದಿರಿನ ದರ ಏರಿದಾಗ ಊರ ತುಂಬ ಐಷಾರಾಮಿ ಕಾರು ಬಂದವು, ಸಾಲ ಮಾಡಿ ಲಾರಿ ಕೊಂಡವರು ಬಹಳ ಮಂದಿ. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿದಾಗ ಲಾರಿಗಳು ನಿಂತಲ್ಲೇ ನಿಂತವು, ಕಂತು ಮಾತ್ರ ನಿಲ್ಲಲಿಲ್ಲ. ದೂರದ ಊರಿನ ಯಾರದೋ ಆಸೆಯ ಮೇಲೆ ನಿಂತ ಬೆಲೆಯನ್ನು ಸ್ವಂತ ಆಸ್ತಿಯೆಂದು ಎಣಿಸಬಾರದು ಎಂಬ ಪಾಠಕ್ಕೆ ಈ ಜಿಲ್ಲೆ ದುಬಾರಿ ಶುಲ್ಕ ತೆತ್ತಿದೆ.

ಇಟ್ಟುಕೊಳ್ಳುವ ಖರ್ಚೂ ಕಡಿಮೆಯಲ್ಲ. ಕುರುಗೋಡಿನ ಮೆಣಸಿನಕಾಯಿ ಬೆಳೆಗಾರ ದರ ಬರಲೆಂದು ಮಾಲನ್ನು ಕೋಲ್ಡ್ ಸ್ಟೋರೇಜಿನಲ್ಲಿ ಇಟ್ಟರೆ ಬಾಡಿಗೆ ಪ್ರತಿ ತಿಂಗಳೂ ಏರುತ್ತ ಹೋಗುತ್ತದೆ. ಹಳೇ ಕಾರಿನ ಕಥೆಯೂ ಹಾಗೆಯೇ. ವಿಮೆ, ಶೆಡ್ಡು, ಸಿಗದ ಬಿಡಿಭಾಗ, ಪಳಗಿದ ಮೇಸ್ತ್ರಿ ಎಲ್ಲಕ್ಕೂ ದುಡ್ಡು ಬೇಕು. ಸಿರುಗುಪ್ಪದ ಗದ್ದೆ ತುಂಗಭದ್ರಾ ನೀರು ಬಂದ ವರ್ಷ ಭತ್ತ ಕೊಡುತ್ತದೆ. ಶೆಡ್ಡಿನಲ್ಲಿ ನಿಂತ ಕಾರು ಏನೂ ಕೊಡುವುದಿಲ್ಲ. ಮೇಲೆ ಕಾನೂನು. 2021ರ ನಿಯಮದಂತೆ 50 ವರ್ಷ ದಾಟಿದ ವಿಂಟೇಜ್ ವಾಹನದ ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ. ಪ್ರದರ್ಶನ, ರ‍್ಯಾಲಿ, ದುರಸ್ತಿಯಂಥ ಕಾರಣಕ್ಕಷ್ಟೇ ರಸ್ತೆಗಿಳಿಸಬಹುದು, ನಿತ್ಯದ ಓಡಾಟಕ್ಕಲ್ಲ. ಹೊರದೇಶದಿಂದ ತರಿಸಿದರೆ ಸುಂಕದ ಹೊರೆ ಬೇರೆ. ಸ್ವಂತ ಬಳಕೆಯ ಕಾರು ಮಾರಿದ ಲಾಭಕ್ಕೆ ತೆರಿಗೆಯಿಲ್ಲ ಎನ್ನುವ ಮಾತನ್ನೂ ನಂಬಿ ಕೂರುವಂತಿಲ್ಲ: 20,000 ರೂಪಾಯಿಗೆ ಕೊಂಡು 21 ಲಕ್ಷಕ್ಕೆ ಮಾರಿದ 1931ರ ಫೋರ್ಡ್ ಕಾರಿನ ಪ್ರಕರಣದಲ್ಲಿ, ಸ್ವಂತಕ್ಕೆ ಬಳಸಿದ್ದಕ್ಕೆ ಪುರಾವೆ ಇಲ್ಲವೆಂದು ಬಾಂಬೆ ಹೈಕೋರ್ಟ್ ತೆರಿಗೆಯನ್ನು ಎತ್ತಿಹಿಡಿದಿದೆ.

ಮುಂದಿನ ದಿನಗಳು? 2018ರಲ್ಲಿ ಇನ್ನೊಂದು ಜಿಟಿಒ 4.84 ಕೋಟಿ ಡಾಲರಿಗೆ ಹೋಗಿತ್ತು. 5 ವರ್ಷದ ನಂತರ ಬಂದದ್ದು 5.17 ಕೋಟಿ. 6 ಕೋಟಿ ದಾಟೀತೆಂಬ ನಿರೀಕ್ಷೆ ಕೈಗೂಡಲಿಲ್ಲ. ಕೊಳ್ಳುವವರ ತಲೆಮಾರು ಬದಲಾಗುತ್ತಿದೆ. ಫೆರಾರಿಯ ಎಫ್40, ಎಫ್50 ಕಾರುಗಳ ಚಿತ್ರವನ್ನು ಗೋಡೆಗಂಟಿಸಿಕೊಂಡು ಬೆಳೆದವರ ಕೈಯಲ್ಲಿ ಈಗ ಹಣವಿದೆ, ಅವರ ಒಲವು ಆ ಕಾರುಗಳ ಕಡೆಗೇ. 1950ರ ದಶಕದ ಸಾಧಾರಣ ಮಾದರಿಗಳನ್ನು ಕೇಳುವವರು ಕಡಿಮೆಯಾಗುತ್ತಾರೆ. ತುತ್ತತುದಿಯವು ಮಾತ್ರ ತಾಳಿಕೊಳ್ಳುತ್ತವೆ.

ನಮ್ಮ ಪಾಲಿಗೆ ಬಂದ ಇಟಲಿಯ ಕಾರು ಬೇರೆಯದೇ ಇದೆ. ವಾಲ್‌ಚಂದ್ ಹೀರಾಚಂದರ ಪ್ರೀಮಿಯರ್ ಕಂಪನಿ ಮುಂಬೈನ ಕುರ್ಲಾದಲ್ಲಿ ತಯಾರಿಸಿದ ಫಿಯೆಟ್ 1100 ಮುಂದೆ ಪದ್ಮಿನಿಯಾಯಿತು. ಡಾಕ್ಟರು, ವಕೀಲರು, ವ್ಯಾಪಾರಸ್ಥರು ಬುಕ್ ಮಾಡಿ ವರ್ಷಗಟ್ಟಲೆ ಕಾದು ತಂದ ಕಾರು ಅದು. ಸ್ಟೀರಿಂಗ್ ಪಕ್ಕದಲ್ಲೇ ಗೇರು, 1089 ಸಿಸಿಯ ಪುಟ್ಟ ಎಂಜಿನ್. ಅದಕ್ಕೆ ಫೆರಾರಿಯ ಬೆಲೆ ಎಂದೂ ಬಾರದು, ಆದರೆ ಪುರಾವೆ ಬೇಕೆನ್ನುವ ನಿಯಮ ಒಂದೇ. ಟಿಂಕರಿಂಗ್ ಶೆಡ್ಡಿನಲ್ಲಿ ಬಾಗಿಲಿನ ಕೆಳಅಂಚಿಗೆ ಸಣ್ಣ ಅಯಸ್ಕಾಂತ ಹಿಡಿಯಿರಿ: ತಗಡಿದ್ದಲ್ಲಿ ಕಚ್ಚುತ್ತದೆ, ದಪ್ಪ ಪುಟ್ಟಿ ಬಳಿದಲ್ಲಿ ಜಾರುತ್ತದೆ. ಆರ್‌ಸಿ ಬುಕ್ಕಿನ ನಂಬರನ್ನು ಎಂಜಿನ್ ಮೇಲಿನ ಅಚ್ಚಿಗೆ ಹೋಲಿಸಿ ನೋಡಿ. ಮೂಲ ಎಂಜಿನ್ ಕಿತ್ತು ಡೀಸೆಲ್ ಕೂರಿಸಿದ್ದರೆ ಕಾರಿನ ಅರ್ಧ ಚರಿತ್ರೆ ಆಗಲೇ ಗುಜರಿ ಸೇರಿದೆ ಎಂದರ್ಥ.

ಶ್ರೀರಂಗಪಟ್ಟಣದ ಬಳಿ ಧರ್ಮಸ್ಥಳದವರು ನಡೆಸುತ್ತಿರುವ ‘ಪಯಣ’ ಸಂಗ್ರಹಾಲಯ ಹಳೆಯ ವಾಹನಗಳಿಗೆ ಮರ್ಯಾದೆಯ ನೆಲೆ ಕೊಟ್ಟಿದೆ. ಅದೇ ಕಾಳಜಿ ಮನೆಮನೆಯಲ್ಲೂ ಬೇಕು. ಅಜ್ಜನ ಫಿಯೆಟ್ ಹಿತ್ತಲಲ್ಲಿದ್ದರೆ ಅದನ್ನು ತೂಕಕ್ಕೆ ಹಾಕಬೇಡಿ. ಕಾಗದಪತ್ರ ಜೋಡಿಸಿಡಿ, ಮೂಲ ಭಾಗಗಳನ್ನು ಎಸೆಯಬೇಡಿ, ಕಾರ್ಬುರೇಟರ್ ಬಿಚ್ಚಿ ಕೂಡಿಸಬಲ್ಲ ಹಿರಿಯ ಮೇಸ್ತ್ರಿ ಇರುವಾಗಲೇ ಒಬ್ಬ ಹುಡುಗನನ್ನು ಅವರ ಕೈಕೆಳಗೆ ಬಿಡಿ. ನಿವೃತ್ತಿಯ ದುಡ್ಡನ್ನೋ ಮಗಳ ಓದಿಗಿಟ್ಟ ಹಣವನ್ನೋ ಇದಕ್ಕೆ ಹಾಕಬೇಡಿ. ಕಳೆದರೂ ಮನೆ ನಡೆಯುತ್ತದೆ ಎನ್ನುವಷ್ಟು ಹಣ ಇದ್ದವರು ಕೊಳ್ಳಲಿ, ಕೊಂಡದ್ದನ್ನು ಓಡುವ ಸ್ಥಿತಿಯಲ್ಲಿ ಇಟ್ಟುಕೊಳ್ಳಲಿ. ಜಿಟಿಒವನ್ನು 60 ವರ್ಷ ಉಳಿಸಿದ್ದು ಹರಾಜಿನ ಸುತ್ತಿಗೆಯಲ್ಲ, ಅದರ ನಟ್ಟು ಬೋಲ್ಟುಗಳನ್ನು ಬಲ್ಲವರ ಆರೈಕೆ. ಬೆಲೆ ಬಂದದ್ದು ಆಮೇಲೆ.